ನಾಲ್ಕನೇ ರೀಲು

ಚಿತ್ರ ಅಂಥಾದ್ದೇನಲ್ಲ, ಮೊದಲೇ ಹೇಳಿಬಿಡುತ್ತೇನೆ.
ಬರೆದವರು ಮೂವರಂತೆ: ಎತ್ತು ಏರಿಗೆ, ಕೋಣ ನೀರಿಗೆ,
ಮೂರನೆಯವನು ಬಂಡಿಯಲ್ಲೇ ನಿದ್ದೆಗೆ.
ಬಚ್ಚಲ ತೊಟ್ಟಿಯಲ್ಲೊಂದು ಆಡು,
ಬಿಕ್ಕಳಿಕೆ ನಿಲ್ಲದ ಸೋದರಮಾವ,
ಬೀರುವಿಗೆ ಕೋಟು ತೊಡಿಸಿದಂಥ ನಾಯಕ.
ಬಾಗಿಲು ತೆಗೆದರೆ ಒಳಗೆ ಹ್ಯಾಂಗರು ಮಾತ್ರ.

ಡುಲೂತಿನ ಜನವರಿ. ದಡ ಕಾಣದ ಸರೋವರ
ಕಲ್ಲಾಗಿ ಕೂತಿತ್ತು. ಅದಿರಿನ ಹಡಗುಗಳು
ಹಲ್ಲು ಕಚ್ಚಿಕೊಂಡು ನಿಂತಿದ್ದವು.
ಕೆಲಸವಿಲ್ಲದ ಬಂದರಿನವರು ಹದಿನೈದು ಸೆಂಟಿಗೆ
ಎರಡು ಗಂಟೆಯ ಬೆಚ್ಚಗೆ ಕೊಳ್ಳಲು ಬರುತ್ತಿದ್ದರು,
ಚಿತ್ರ ಯಾವುದಾದರೇನು.
ನಾನು ಮೇಲೆ, ತಗಡು ಹೊಡೆದ ಗೂಡಿನಲ್ಲಿ,
ಎರಡು ಯಂತ್ರಗಳ ನಡುವೆ, ಬನಿಯನ್ನಿನಲ್ಲಿ ಬೆವರುತ್ತ,
ಇಂಗಾಲದ ಕಡ್ಡಿ ಉರಿದಷ್ಟು ಮುಂದೆ ತಳ್ಳುತ್ತ.

ನನ್ನ ಕೆಲಸ ಚಿತ್ರ ನೋಡುವುದಲ್ಲ.
ಬಲಗಡೆ ಮೇಲ್ಮೂಲೆಯಲ್ಲಿ ಸೊಳ್ಳೆಯಷ್ಟು ಚುಕ್ಕೆ ಮಿಂಚುತ್ತದೆ:
ಎರಡನೇ ಯಂತ್ರ ತಿರುಗಿಸು.
ಇನ್ನೊಂದು ಚುಕ್ಕೆ: ದಾಟು.
ಇಷ್ಟು ವರ್ಷ ನಾನು ನೋಡಿದ್ದು ಮೂಲೆಯನ್ನೇ.
ಮುತ್ತು, ಗುಂಡೇಟು, ಸಾವು,
ಎಲ್ಲ ನನ್ನ ಕಣ್ಣಿನ ಬಾಲದಲ್ಲಿ ನಡೆದುಹೋಗಿವೆ.

ಸೋಮವಾರ, ನಾಲ್ಕನೇ ರೀಲಿನ ಕೊನೆ.
ಅಲ್ವೀನಾ ಪ್ರೌಟ್, ಟೋಪಿ ಅಂಗಡಿಯ ಹುಡುಗಿ,
ಜಡ್ಜಿಯ ಹೆಂಡತಿಯೆಂದು ಸುಳ್ಳು ಹೇಳಿ
ಹನ್ನೆರಡು ಜನಕ್ಕೆ ಮೇಜು ಹಾಕಿಸಿದ್ದಾಳೆ. ಒಬ್ಬರೂ ಬಂದಿಲ್ಲ.
ಬರೆದವರಿಗೆ ಇಲ್ಲಿ ಏನೂ ತೋಚಿಲ್ಲ, ಗೊತ್ತಾಗುತ್ತದೆ.
ಕ್ಯಾಮೆರಾದವನು ಊಟಕ್ಕೆ ಎದ್ದುಹೋದ ಹಾಗೆ
ಕ್ಯಾಮೆರಾ ನಿಂತಲ್ಲೇ ನಿಂತಿದೆ.
ಅವಳು ಖಾಲಿ ಕುರ್ಚಿಗಳಿಗೆ ತಲೆಬಾಗಿ ಕ್ಷೇಮ ಕೇಳುತ್ತಾಳೆ,
ಒಬ್ಬರ ಮಂಡಿನೋವು, ಒಬ್ಬರ ಮಗಳ ಮದುವೆ,
ಮೂರನೆಯವರೊಡನೆ ಸಣ್ಣ ಜಗಳವನ್ನೂ ಆಡುತ್ತಾಳೆ.
ಏಳನೇ ಕುರ್ಚಿಯ ಹತ್ತಿರ ಮಾತು ಮುಗಿಯುತ್ತದೆ.
ಚಮಚ ಎತ್ತಿಕೊಳ್ಳುತ್ತಾಳೆ.
ಅದರ ಹೊಟ್ಟೆಯೊಳಗೆ ತಲೆಕೆಳಗಾದ ತನ್ನ ಮುಖ.
ನೋಡುತ್ತಾಳೆ.
ನೋಡುತ್ತಾಳೆ.
ಆಮೇಲೆ, ಚಮಚದೊಳಗಿನವಳಿಗೆ ಅವಮಾನವಾಗಬಾರದೆಂಬಂತೆ,
ಕೂದಲು ಸರಿಮಾಡಿಕೊಳ್ಳುತ್ತಾಳೆ.

ಕೆಳಗೆ ಮೊದಲು ನಕ್ಕಿದ್ದು ಮುದುಕಿ ಹಿಲ್ಯಾ ಕೊರ್ಪೆಲಾ,
ಫಿನ್ನಿಷ್ ಬಿಟ್ಟು ಬೇರೆ ಮಾತು ಅರಿಯದವಳು,
ಚರ್ಚಿನಲ್ಲಿ ಕೆಮ್ಮು ಬಂದರೂ ಕ್ಷಮೆ ಕೇಳುವವಳು.
ಕುದಿವ ಪಾತ್ರೆ ಮುಚ್ಚಳ ಎತ್ತಿಹಾಕಿದಂಥ ಸದ್ದು.
ಆಮೇಲೆ ಅವಳ ಸಾಲು. ಆಮೇಲೆ ಬಾಲ್ಕನಿ.
ನನಗೆ ಚುಕ್ಕೆ ಕಾಣಲಿಲ್ಲ.
ಎರಡೂ ಕಾಣಲಿಲ್ಲ.
ಪರದೆ ಬೆಳ್ಳಗಾಯಿತು, ಹೊರಗಿನ ಸರೋವರದ ಹಾಗೆ.
ಒಂದು ಸಿಳ್ಳೆಯಿಲ್ಲ. ಆ ಬರಿಯ ಬಿಳಿಗೆ
ಇನ್ನೂ ನಗುತ್ತಲೇ ಇದ್ದರು.
ಮಾಲೀಕ ಗುಂಡರ್ಸನ್ ಸಂಬಳದಲ್ಲಿ ಅರ್ಧ ಡಾಲರ್ ಮುರಿದ.
ಮಂಗಳವಾರ ಇನ್ನರ್ಧ.

ಬುಧವಾರ ರೀಲು ಸುತ್ತುವಾಗ ಬೆರಳಿಗೆ ಅಂಟು ತಗಲಿತು.
ಚಮಚದ ಹತ್ತಿರ ಯಾರೋ ಕತ್ತರಿಸಿ ಜೋಡಿಸಿದ್ದಾರೆ.
ಫಾರ್ಗೋದವನೋ ಬಿಸ್ಮಾರ್ಕಿನವನೋ,
ನನ್ನ ಹಾಗೇ ಬನಿಯನ್ನಿನವನು,
ನಾಲ್ಕು ಚೌಕ ಕದ್ದು ಪಾಕೀಟಿನಲ್ಲಿಟ್ಟುಕೊಂಡಿದ್ದಾನೆ.
ಬೈದೆ. ಬೈಯುತ್ತಿದ್ದಂತೆಯೇ
ಕತ್ತರಿ ಎಲ್ಲಿದೆಯೆಂದು ಕೈ ಹುಡುಕಿತ್ತು.
ಒಂದು ಚೌಕವನ್ನು ದೀಪಕ್ಕೆ ಹಿಡಿದೆ:
ಯಾರೋ ಒಬ್ಬಳು, ಒಂದು ಚಮಚ. ಅಷ್ಟೇ.
ಪಕ್ಕದ್ದನ್ನು ಹಿಡಿದೆ. ಅದೇ ಯಾರೋ, ಅದೇ ಚಮಚ.
ನಗು ಇದ್ದದ್ದು ಎರಡರ ನಡುವಿನ ಕಪ್ಪು ಗೆರೆಯಲ್ಲೇನೋ.
ಅದನ್ನು ಕದಿಯುವುದು ಹೇಗೆಂದು ತಿಳಿಯದೆ
ಕತ್ತರಿ ಕೆಳಗಿಟ್ಟೆ.

ಐದನೇ ರೀಲಿನಲ್ಲಿ ಮತ್ತೆ ಆಡು. ಕೋರ್ಟಿನ ದೃಶ್ಯ
ಗೂಡ್ಸು ಗಾಡಿಯ ಹಾಗೆ, ಡಬ್ಬಿಯ ಹಿಂದೆ ಡಬ್ಬಿ.
ನಾಯಕ ಪ್ರೀತಿ ಹೇಳುತ್ತಾನೆ, ಬಾಡಿಗೆ ಕರಾರು ಓದಿದಂತೆ.
ಅವಳು ಕೇಳಿಸಿಕೊಳ್ಳುತ್ತಾಳೆ ನೋಡಿ,
ಅದು ಎಷ್ಟು ಚೆನ್ನೆಂದರೆ
ಒಂದೆರಡು ನಿಮಿಷ ಆ ಬೀರುವೂ ನಟನಾಗುತ್ತದೆ.

ಶನಿವಾರ ರಾತ್ರಿ ಡಬ್ಬಿಗಳಿಗೆ ಬೆಲ್ಟು ಬಿಗಿದೆ.
ಬೆಳಗಿನ ಬಸ್ಸಿಗೆ ಬೆಮಿಡ್ಜಿ.
ನಾಲ್ಕನೆಯದರ ಮುಚ್ಚಳದೊಳಗೆ ಚೀಟಿಯಿಟ್ಟೆ, ಅಲ್ಲಿಯವನಿಗೆ:
ಇಲ್ಲಿ ಚುಕ್ಕೆ ನೋಡು, ಅವಳನ್ನಲ್ಲ.
ಮೆಟ್ಟಿಲಿಳಿದು ಬಾಗಿಲವರೆಗೆ ಹೋದವನು
ಮತ್ತೆ ಹತ್ತಿ ಬಂದು ಬೆಲ್ಟು ಬಿಚ್ಚಿ
ಇನ್ನೊಂದು ಸಾಲು ಸೇರಿಸಿದೆ:
ಅರ್ಧ ಡಾಲರ್ ಜೇಬಲ್ಲಿಟ್ಟುಕೊಂಡಿರು.